ಹುಲ್ಲು ಮೇಯುವ ಮೀನು ಬಿಟ್ಟ ಮೇಲೆ: ಮಲೆನಾಡಿನ ಒಂದು ಕೆರೆಯ ಪ್ರಕರಣ

ಸಾಗರ, ಸೊರಬ ಕಡೆಯ ಒಂದು ಊರಿನ ಕೆರೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು ಇದು. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಯಾವ ಹಂತದಲ್ಲಿ ಏನು ತೀರ್ಮಾನ ಆಯಿತು, ಅದರಿಂದ ಕೆರೆಗೆ ಏನಾಯಿತು ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆಯುತ್ತಿದ್ದೇನೆ.

ಹವಳದ ದಿಬ್ಬಗಳ ವಿಷಯವೂ ಇಲ್ಲಿ ಸಾಕಷ್ಟು ಬರುತ್ತದೆ. ಮಲೆನಾಡಿನ ಕೆರೆಗೂ ಸಮುದ್ರದ ಹವಳಕ್ಕೂ ಎಂಥ ಸಂಬಂಧ ಅಂತ ಅನ್ನಿಸಬಹುದು. ಈ ಊರಿನ ಮಟ್ಟಿಗೆ ಸಂಬಂಧ ನೇರವಾಗಿದೆ. ಕೆರೆ ಕೆಟ್ಟದ್ದು ಹವಳದ ಕಥೆಯನ್ನು ಅರ್ಧ ಕೇಳಿ ಮಾಡಿದ ತೀರ್ಮಾನದಿಂದ. ಸುಧಾರಿಸಿದ್ದು ಅದೇ ಕಥೆಯ ಉಳಿದ ಅರ್ಧವನ್ನು ಕೂತು ಕೇಳಿದ ಮೇಲೆ.

ಹಿನ್ನೆಲೆ

ಕೆರೆ ಆರೇಳು ಎಕರೆ ಇರಬಹುದು. ಮೇಲ್ಗಡೆ ಬೆಟ್ಟ, ಬೆಟ್ಟದ ಬುಡದಲ್ಲಿ ಮನೆಗಳು, ಕೊಟ್ಟಿಗೆಗಳು, ಅಡಿಕೆ ತೋಟ. ಕೆಳಗಡೆ ಗದ್ದೆ. ಜುಲೈನಲ್ಲಿ ಕೋಡಿ ತುಂಬಿ ಹರಿಯುತ್ತದೆ. ಏಪ್ರಿಲ್ ಹೊತ್ತಿಗೆ ಏರಿಯ ಹತ್ತಿರ ಬಿಟ್ಟರೆ ಉಳಿದ ಕಡೆ ನೀರು ಸೊಂಟಮಟ್ಟಕ್ಕೂ ಇರುವುದಿಲ್ಲ. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ಕಡೆ ದನ ಇಳಿಯುವ ಜಾಗ. ತೂಬಿನಿಂದ ಗದ್ದೆಗೆ ನೀರು ಹೋಗುತ್ತದೆ. ಮೊದಲೆಲ್ಲ ಬೇಸಿಗೆ ಕೊನೆಯಲ್ಲಿ ಕೆರೆಬೇಟೆ ಆಗುತ್ತಿತ್ತು. ಸುತ್ತಲಿನ ಊರಿನವರೆಲ್ಲ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಹಿಡಿದು ಒಟ್ಟಿಗೆ ಕೆರೆಗೆ ಇಳಿಯಲು ಬರುತ್ತಿದ್ದರು. ಮೀನು ಪಾಶುವಾರು ಹಕ್ಕನ್ನು, ಅಂದರೆ ಕೆರೆಯ ಮೀನು ಹಿಡಿಯುವ ಗುತ್ತಿಗೆಯನ್ನು, ಹರಾಜು ಹಾಕಲು ಶುರು ಮಾಡಿದ ಮೇಲೆ ಅದು ನಿಂತುಹೋಗಿತ್ತು.

ಕೆರೆಯ ತುಂಬ ನೀರುಹುಲ್ಲು ಇತ್ತು. ಹೆಚ್ಚಿನದು ಹೈಡ್ರಿಲ್ಲಾ. ನೀರಿನ ಒಳಗೇ ಬೆಳೆದು, ಬೇಸಿಗೆಯಲ್ಲಿ ಮೇಲ್ಮೈಗೆ ಬಂದು ಹಾಸಿಕೊಳ್ಳುವ ಗಿಡ. ಅಂಚಿನಲ್ಲಿ ನೈದಿಲೆ, ಸ್ವಲ್ಪ ತಾವರೆ. ನೀರು ಮಾತ್ರ ತಿಳಿಯಾಗಿತ್ತು. ಹಿರಿಯರೊಬ್ಬರು ನನಗೆ ಹೇಳಿದ್ದು ಹೀಗೆ: "ಕಲ್ಲಿನ ಮೇಲೆ ನಿಂತ್ರೆ ಕಾಲಬುಡದ ಗುಳ್ಳೆ ಕಾಣ್ತಿತ್ತು ಮೇಷ್ಟ್ರೇ." ಗುಳ್ಳೆ ಅಂದರೆ ಕೆರೆಯ ಬಸವನಹುಳು.

ತೊಂದರೆ ಎಂದರೆ ಹುಲ್ಲು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿತ್ತು. ಪಾಶುವಾರು ಹಿಡಿದವರಿಗೆ ಬಲೆ ಎಳೆಯಲು ಆಗುತ್ತಿರಲಿಲ್ಲ. ತೂಬಿಗೆ ಸಿಕ್ಕಿಕೊಂಡು ಗದ್ದೆಗೆ ನೀರು ಸರಿಯಾಗಿ ಇಳಿಯುತ್ತಿರಲಿಲ್ಲ. ಈಜಲು ಹೋದ ಮಕ್ಕಳ ಕಾಲಿಗೆ ಸುತ್ತಿಕೊಳ್ಳುತ್ತದೆ ಅನ್ನುವ ಭಯ ಬೇರೆ. ಊರವರು ಶ್ರಮದಾನ ಮಾಡಿ ಕಿತ್ತರು. ಕಿತ್ತದ್ದನ್ನು ದಂಡೆಯ ಮೇಲೇ ರಾಶಿ ಹಾಕಿದರು. ಮೊದಲ ದೊಡ್ಡ ಮಳೆಗೆ ಅರ್ಧ ವಾಪಸ್ ಕೆರೆ ಸೇರಿತು. ಹೈಡ್ರಿಲ್ಲಾದ ಒಂದು ತುಂಡು ಸಾಕು, ಅಲ್ಲಿಂದ ಹೊಸ ಗಿಡ ಏಳುತ್ತದೆ. ಹೂಳಿನಲ್ಲಿ ಅದರ ಸಣ್ಣ ಗಡ್ಡೆಗಳೂ ಉಳಿದಿರುತ್ತವೆ. ಮುಂದಿನ ವರ್ಷ ಮತ್ತೆ ಅಷ್ಟೇ ಹುಲ್ಲು.

ಹುಲ್ಲು ಯಾಕೆ ಇಷ್ಟು ಬೆಳೆಯುತ್ತಿದೆ ಅಂತ ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕಣ್ಣೆದುರೇ ಇತ್ತು. ಮೇಲಿನ ನಾಲ್ಕೈದು ಕೊಟ್ಟಿಗೆಗಳ ಗಂಜಲ, ಗೊಬ್ಬರಗುಂಡಿಯ ಕಪ್ಪು ನೀರು ಒಂದು ಕಾಲುವೆ ಹಿಡಿದು ನೇರ ಕೆರೆಗೆ ಬರುತ್ತಿತ್ತು. ತೋಟಕ್ಕೆ ಹಾಕಿದ ಗೊಬ್ಬರವೂ ಮಳೆಗೆ ತೊಳೆದು ಅಲ್ಲಿಗೇ.

ನೇತ್ರಾಣಿಯಿಂದ ಬಂದ ಸಲಹೆ

ಊರಿನ ಒಬ್ಬ ಹುಡುಗ ಮುರ್ಡೇಶ್ವರದಲ್ಲಿ ಡೈವಿಂಗ್ ಕೆಲಸ ಮಾಡುತ್ತಿದ್ದ. ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಜನರನ್ನು ಕರೆದುಕೊಂಡು ಹೋಗಿ ನೀರಿನೊಳಗಿನ ಹವಳ, ಮೀನು ತೋರಿಸುವ ಕೆಲಸ. ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ, ಆಗ ಊರಿಗೆ ಬರುತ್ತಾನೆ. ಹಾಗೆ ಬಂದಾಗ ಕೆರೆ ಸಮಿತಿಯ ಸಭೆಗೂ ಬಂದ. ಹುಲ್ಲಿನ ಮಾತು ನಡೆಯುತ್ತಿತ್ತು.

"ಸಮುದ್ರದಾಗೆ ಪಾಚಿ ಮೇಯೋ ಮೀನು ಇದ್ರೆ ಮಾತ್ರ ಹವಳ ಉಳೀತದೆ ಮಾವ," ಅಂದನಂತೆ ಅಧ್ಯಕ್ಷರಿಗೆ. "ಮೀನು ಹೋದ್ರೆ ಪಾಚಿ ಬಂದು ಎಲ್ಲ ಮುಚ್ಚಿಬಿಡ್ತದೆ. ನಮ್ಮ ಕೆರೆಗೂ ಮೇಯೋ ಮೀನು ಬಿಡ್ಬೇಕು."

ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಅವನ ಮಾತಿನ ಹಿಂದೆ ಇರುವುದು ಜಮೈಕಾದ ಕಥೆ. ಹವಳದ ಬಗ್ಗೆ ಓದುವವರೆಲ್ಲ ಒಮ್ಮೆ ಅಲ್ಲಿಗೆ ಹೋಗಿಯೇ ಬರುತ್ತಾರೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸ ಮಾಡುತ್ತವೆ, ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಇದು ಸ್ನೇಹದ ಪಾಚಿ. ಹೊರಗಡೆ ಬಂಡೆಯ ಮೇಲೆ ಬೆಳೆಯುವ ದೊಡ್ಡ ಪಾಚಿಗಳು ಬೇರೆ. ಅವು ಹವಳಕ್ಕೆ ನೆರಳು ಕಟ್ಟುತ್ತವೆ, ಮೈಗೆ ಉಜ್ಜುತ್ತವೆ, ಹವಳದ ಮರಿಗಳು ಕೂರಬೇಕಾದ ಜಾಗವನ್ನು ಮೊದಲೇ ಹಿಡಿಯುತ್ತವೆ. ಹವಳದ ಮರಿ ಸಾಸಿವೆಗಿಂತ ಚಿಕ್ಕದು. ಅದಕ್ಕೆ ಬೋಳಾದ, ಗಟ್ಟಿ ನೆಲ ಬೇಕು. ಆ ನೆಲವನ್ನು ಬೋಳಾಗಿ ಇಡುವವರು ಮೇಯುವ ಜೀವಿಗಳು. ಗಿಳಿಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನೇ ಕೆರೆದು ತಿನ್ನುತ್ತವೆ. ಸರ್ಜನ್ ಮೀನುಗಳು ಚಿಗುರು ಕತ್ತರಿಸುತ್ತವೆ. ಸೀ ಅರ್ಚಿನ್ ಅನ್ನುವ ಮುಳ್ಳಿನ ಜೀವಿಗಳು ರಾತ್ರಿಯೆಲ್ಲ ಮೇಯುತ್ತವೆ.

ಜಮೈಕಾದಲ್ಲಿ ಬಲೆಬುಟ್ಟಿ ಹಾಕಿ ಹಾಕಿ ದೊಡ್ಡ ಮೀನುಗಳನ್ನೆಲ್ಲ 1960ರ ದಶಕದ ಹೊತ್ತಿಗೇ ಬಳಿದುಬಿಟ್ಟಿದ್ದರು. ಆದರೂ ಹವಳ ಚೆನ್ನಾಗಿಯೇ ಕಾಣುತ್ತಿತ್ತು. ಮೀನಿನ ಕೆಲಸವನ್ನು ಉದ್ದ ಕಪ್ಪು ಮುಳ್ಳಿನ ಡಯಾಡೀಮಾ ಅರ್ಚಿನ್‌ಗಳು ಒಂದೇ ಕೈಯಲ್ಲಿ ನಡೆಸುತ್ತಿದ್ದವು. 1980ರಲ್ಲಿ ಅಲೆನ್ ಚಂಡಮಾರುತ ಹವಳವನ್ನು ಪುಡಿ ಮಾಡಿತು. 1983ರಲ್ಲಿ ಪನಾಮಾ ಕಡೆಯಿಂದ ಒಂದು ರೋಗ ಬಂತು. ವರ್ಷದೊಳಗೆ ಕೆರಿಬಿಯನ್ ಸಮುದ್ರದ ಡಯಾಡೀಮಾಗಳಲ್ಲಿ ಶೇ 90ಕ್ಕಿಂತ ಜಾಸ್ತಿ ಸತ್ತುಹೋದವು. ಮೇಯುವವರು ಯಾರೂ ಉಳಿಯಲಿಲ್ಲ. 1977ರಲ್ಲಿ ಜಮೈಕಾದ ದಿಬ್ಬಗಳಲ್ಲಿ ಸರಾಸರಿ ಶೇ 52ರಷ್ಟು ಜಾಗ ಹವಳದ್ದಾಗಿತ್ತು, ಪಾಚಿಯದು ಶೇ 4. 1990ರ ದಶಕದ ಆರಂಭದಲ್ಲಿ ಹವಳ ಶೇ 3ಕ್ಕೆ ಇಳಿದಿತ್ತು, ಪಾಚಿ ಶೇ 92ಕ್ಕೆ ಏರಿತ್ತು. ಟೆರಿ ಹ್ಯೂಸ್ ಅನ್ನುವ ವಿಜ್ಞಾನಿ 1994ರಲ್ಲಿ ಈ ಲೆಕ್ಕ ಪ್ರಕಟಿಸಿದರು. ಬೆಲೀಜ್ ದೇಶ 2009ರಲ್ಲಿ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿತು.

ಸಭೆಯಲ್ಲಿ ಇಷ್ಟೆಲ್ಲ ವಿವರ ಬರಲಿಲ್ಲ. "ಮೇಯೋ ಮೀನು ಬಿಟ್ರೆ ಹಸಿರು ಹೋಗ್ತದೆ" ಅನ್ನುವ ಸಾರಾಂಶ ಮಾತ್ರ ಉಳಿಯಿತು. ಪಾಶುವಾರು ಹಿಡಿದವರಿಗೆ ಇದು ಖುಷಿಯ ಮಾತು. ಕೆರೆಗೆ ಬಿಡುವ ಮೇಯುವ ಮೀನು ಅಂದರೆ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್). ಅದು ಬೇಗ ಬೆಳೆಯುತ್ತದೆ, ಸಂತೆಯಲ್ಲಿ ಬೆಲೆಯೂ ಇದೆ. ಚೀನಾ ಕಡೆಯ ಈ ಮೀನು 1959ರಲ್ಲಿ ಭಾರತಕ್ಕೆ ಬಂದದ್ದು. ದಿನಕ್ಕೆ ತನ್ನ ತೂಕದಷ್ಟು ಹುಲ್ಲು ತಿನ್ನಬಲ್ಲದು. ಅದೇ ಸಂಜೆ ತೀರ್ಮಾನ ಆಯಿತು. ಎಷ್ಟು ಮರಿ ಬಿಡಬೇಕು, ಎಷ್ಟು ಹುಲ್ಲು ಉಳಿಯಬೇಕು ಅನ್ನುವ ಲೆಕ್ಕ ಆಗಲಿಲ್ಲ. ಹುಲ್ಲು ಪೂರ್ತಿ ಹೋಗಬೇಕು ಅನ್ನುವುದೇ ಎಲ್ಲರ ಆಸೆ.

ಈ ಪ್ರಕರಣದಲ್ಲಿ ನಿರ್ಣಾಯಕ ಘಳಿಗೆ ಇದೇ ಅಂತ ನನ್ನ ಅಭಿಪ್ರಾಯ. ಆಮೇಲೆ ಆದದ್ದೆಲ್ಲ ಇದರ ಹಿಂದೆ ಹಿಂದೆ ಬಂದದ್ದು.

ಎರಡು ಒಳ್ಳೆಯ ವರ್ಷ, ಆಮೇಲೆ

ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ತೆಳುವಾಯಿತು. ಎರಡನೆಯ ವರ್ಷ ಹುಡುಕಿದರೂ ಇಲ್ಲ. ನೈದಿಲೆಯ ಚಿಗುರನ್ನೂ ಬಿಡಲಿಲ್ಲ. ತೂಬು ಸಲೀಸಾಯಿತು, ಬಲೆ ಸಲೀಸಾಯಿತು. ಹುಡುಗನನ್ನು ಊರೆಲ್ಲ ಹೊಗಳಿತು. ಪಕ್ಕದ ಊರಿನವರು ಬಂದು ನೋಡಿಕೊಂಡು ಹೋದರು.

ಮೂರನೆಯ ಬೇಸಿಗೆಗೆ ನೀರು ಹಸಿರಾಯಿತು. ಹುಲ್ಲಿನ ಹಸಿರಲ್ಲ, ನೀರೇ ಹಸಿರು. ಏರಿಯ ಮೂಲೆಯಲ್ಲಿ ಗಾಳಿಗೆ ಒತ್ತರಿಸಿಕೊಂಡು, ಡಬ್ಬಿಯಿಂದ ಬಣ್ಣ ಚೆಲ್ಲಿದ ಹಾಗೆ ದಪ್ಪ ಕೆನೆ ಕಟ್ಟುತ್ತಿತ್ತು. ಕೆಟ್ಟ ವಾಸನೆ. ಮಿಂದವರಿಗೆ ಮೈ ತುರಿಕೆ. ದನ ನೀರಿಗೆ ಮೂತಿ ಇಟ್ಟು ವಾಪಸ್ ಬರುತ್ತಿದ್ದವು. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಅದಕ್ಕೇ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಉಸಿರು ತೀರಾ ಕಡಿಮೆ.

ಪಾಚಿ ಕೊಲ್ಲಲು ಏನು ಹಾಕಬೇಕು ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತ. ತಾಮ್ರದ ಸಲ್ಫೇಟ್ ಅದು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುವುದು ಅದನ್ನೇ. ಪ್ರತಿ ಮನೆಯ ಉಗ್ರಾಣದಲ್ಲೂ ಇರುತ್ತದೆ. ಗೋಣಿ ಚೀಲಕ್ಕೆ ಹಾಕಿ, ದೋಣಿಗೆ ಕಟ್ಟಿ ಕೆರೆಯ ತುಂಬ ಎಳೆದರು. ತೋಟಕ್ಕೆ ಹೊಡೆಯುವಾಗ ಸುಣ್ಣ ಇರುತ್ತದೆ, ಇಲ್ಲಿ ಬರೀ ಮೈಲುತುತ್ತ. ಮಲೆನಾಡಿನ ನೀರಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಅಂಥ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಚುರುಕು.

ಎರಡು ಮೂರು ದಿನದಲ್ಲಿ ನೀರಿನ ಹಸಿರು ಇಳಿಯಿತು. ಗೆದ್ದೆವು ಅಂದುಕೊಂಡರು. ಅದರ ಬೆನ್ನಿಗೇ ಮೀನು ತೇಲಿದವು. ಸತ್ತ ಪಾಚಿ ಕೊಳೆಯಲು ಇದ್ದಬದ್ದ ಆಮ್ಲಜನಕ ಖರ್ಚಾಗಿತ್ತು. ಏರಿಯ ಉದ್ದಕ್ಕೂ ಖಾಲಿ ಗುಳ್ಳೆ ಚಿಪ್ಪು. ಕೆಲವು ವಾರ ಕಳೆಯುವಷ್ಟರಲ್ಲಿ ನೀರು ಮತ್ತೆ ಹಸಿರು, ಮೊದಲಿಗಿಂತ ದಟ್ಟ. ಬದುಕಿ ಉಳಿದ ದೊಡ್ಡ ಮೀನುಗಳಲ್ಲಿ ಹುಲ್ಲುಗೆಂಡೆಯೇ ಜಾಸ್ತಿ. ಕೆಳಗೆ ಹುಲ್ಲಿಲ್ಲದ್ದರಿಂದ ಅವು ದಂಡೆಯಂಚಿನ ಗರಿಕೆಗೆ ಬಾಯಿ ಹಾಕುತ್ತಿದ್ದವು.

ಸಮಿತಿಯ ಮುಂದೆ ಆಗ ಹೊಸ ಪ್ರಸ್ತಾಪ ಬಂತು: ಬೆಳ್ಳಿಗೆಂಡೆ ಬಿಡೋಣ, ಅದು ನೀರಿನಲ್ಲಿ ತೇಲುವ ಪಾಚಿಯನ್ನೇ ಸೋಸಿ ತಿನ್ನುತ್ತದಂತೆ. ನನ್ನನ್ನು ಕರೆದದ್ದು ಈ ಹೊತ್ತಿನಲ್ಲಿ. ನಾನು ಜೀವಶಾಸ್ತ್ರ ಪಾಠ ಮಾಡುವವನು, ಆ ಊರಿಗೆ ನೆಂಟಸ್ತಿಕೆ ಇದೆ. "ಮರಿ ತರಿಸೋದೊಂದು ಬಾಕಿ, ನೀವೊಂದು ಮಾತು ಹೇಳಿ ಮೇಷ್ಟ್ರೇ," ಅಂದರು ಅಧ್ಯಕ್ಷರು.

ತಟ್ಟೆ, ಲೋಟ, ಭೂತಗನ್ನಡಿ

ಮೊದಲು ಬಿಳಿ ಎನಾಮಲ್ ತಟ್ಟೆಗೆ ಹಗ್ಗ ಕಟ್ಟಿ ನೀರಿಗೆ ಇಳಿಸಿದೆವು. ಒಂದು ಗೇಣು ಇಳಿಯುವಷ್ಟರಲ್ಲಿ ತಟ್ಟೆ ಕಾಣದಾಯಿತು. ಹೊಸ ಹುಲ್ಲು ಮೊಳೆತರೂ ತಳದಲ್ಲಿ ಅದಕ್ಕೆ ಬೆಳಕಿಲ್ಲ.

ಆಮೇಲೆ ತೆಳು ಬಟ್ಟೆಯ ಚೀಲದಲ್ಲಿ ನೀರು ಸೋಸಿ ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದೆವು. ಆರೋಗ್ಯವಾಗಿರುವ ಕೆರೆಯ ನೀರನ್ನು ಹೀಗೆ ಹಿಡಿದರೆ ಚುಕ್ಕಿಯಂಥ ಜೀವಿಗಳು ಕುಪ್ಪಳಿಸುತ್ತ ಈಜುವುದು ಕಾಣುತ್ತದೆ. ನೀರುಚಿಗಟ ಅನ್ನುತ್ತಾರೆ. ಹೆಸರು ಚಿಗಟ ಅಂತಿದ್ದರೂ ಕಚ್ಚುವುದಿಲ್ಲ, ಸೀಗಡಿಯ ಸಂಬಂಧಿ. ಭೂತಗನ್ನಡಿಯಲ್ಲಿ ನೋಡಿದರೆ ಪಾರದರ್ಶಕ ಮೈ, ಒಂದೇ ಕಪ್ಪು ಕಣ್ಣು, ಒಳಗೆ ಹಸಿರು ದಾರದಂಥ ಕರುಳು. ಆ ಹಸಿರೇ ಅದು ತಿಂದ ಪಾಚಿ. ಕೆರೆಯ ನೀರಿನಲ್ಲಿ ತೇಲುವ ಪಾಚಿಯನ್ನು ಮೇಯುವವರು ಇವರು. ನಮ್ಮ ಲೋಟದಲ್ಲಿ ಎಷ್ಟು ಹೊತ್ತು ನೋಡಿದರೂ ಒಂದೆರಡು ಬಿಟ್ಟು ಏನೂ ಕಾಣಲಿಲ್ಲ. ಕಾರಣ ಎರಡು. ಮೊದಲನೆಯದು, ನೀರುಚಿಗಟಗಳು ಹಗಲಿನಲ್ಲಿ ಸಣ್ಣ ಮೀನುಗಳ ಕಣ್ಣಿಗೆ ಬೀಳದೆ ಹುಲ್ಲಿನೊಳಗೆ ಅಡಗುತ್ತವೆ. ಹುಲ್ಲೇ ಇಲ್ಲ ಅಂದರೆ ಅಡಗುವುದೆಲ್ಲಿ? ಎರಡನೆಯದು, ತಾಮ್ರಕ್ಕೆ ಪಾಚಿಗಿಂತ ಮೊದಲು ಸಾಯುವವು ನೀರುಚಿಗಟ ಮತ್ತು ಗುಳ್ಳೆಗಳು. ಮೈಲುತುತ್ತ ಹಾಕಿ ಪಾಚಿಯ ಜೊತೆಗೆ ಪಾಚಿ ಮೇಯುವವರನ್ನೂ ಕೊಂದಾಗಿತ್ತು. ಪಾಚಿ ವಾರಗಳಲ್ಲಿ ವಾಪಸ್ ಬಂತು, ಇವು ಬರಲಿಲ್ಲ.

ತಗ್ಗು ಕೆರೆಗಳು ಹೀಗೆ ಎರಡು ಸ್ಥಿತಿಗಳಲ್ಲಿ ನೆಲೆ ನಿಲ್ಲುತ್ತವೆ ಅನ್ನುವುದು ಹೊಸ ಮಾತಲ್ಲ. ನೆದರ್ಲೆಂಡ್ಸ್‌ನ ಮಾರ್ಟೆನ್ ಶೆಫರ್ ಮತ್ತು ಜೊತೆಯವರು 1993ರಲ್ಲೇ ಬರೆದಿದ್ದಾರೆ. ಒಂದು, ಹುಲ್ಲಿದ್ದು ನೀರು ತಿಳಿಯಾಗಿರುವ ಸ್ಥಿತಿ. ಹುಲ್ಲು ಹೂಳನ್ನು ಹಿಡಿದಿಡುತ್ತದೆ, ಗೊಬ್ಬರದ ಸತ್ವ ಹೀರುತ್ತದೆ, ನೀರುಚಿಗಟಕ್ಕೆ ಮನೆಯಾಗುತ್ತದೆ. ನೀರು ತಿಳಿಯಾಗಿರುವುದರಿಂದ ಹುಲ್ಲಿಗೆ ಬೆಳಕು. ಇನ್ನೊಂದು, ಹುಲ್ಲಿಲ್ಲದೆ ನೀರೇ ಹಸಿರಾದ ಸ್ಥಿತಿ. ನೀರು ಹಸಿರಾದ್ದರಿಂದ ಬೆಳಕಿಲ್ಲ, ಬೆಳಕಿಲ್ಲದ್ದರಿಂದ ಹುಲ್ಲಿಲ್ಲ. ಯಾವ ಸ್ಥಿತಿಗೆ ಬಿದ್ದರೂ ಅದು ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ. ಜಮೈಕಾದ ಹವಳದ ದಿಬ್ಬ ಪಾಚಿಯ ಕಡೆ ಬಿದ್ದು ಎದ್ದೇಳದೆ ಉಳಿದದ್ದೂ ಇದೇ ರೀತಿ.

ಅಂದರೆ ನಮ್ಮ ಕೆರೆಯಲ್ಲಿ ಹವಳದ ಜಾಗದಲ್ಲಿ ಇದ್ದದ್ದು ಹೈಡ್ರಿಲ್ಲಾ. ಎಲ್ಲರಿಗೂ ಮನೆ ಕೊಟ್ಟು ನಿಂತದ್ದು ಅದು. ಗಿಳಿಮೀನಿನ ಜಾಗದಲ್ಲಿ ಇದ್ದದ್ದು ನೀರುಚಿಗಟ, ಗುಳ್ಳೆ. ಹುಲ್ಲುಗೆಂಡೆಯನ್ನು ಗಿಳಿಮೀನು ಅಂದುಕೊಂಡು ತಂದರು, ಅದು ಬಂದು ಹವಳವನ್ನೇ ತಿಂದ ಹಾಗಾಯಿತು. ತಿಂದದ್ದರಲ್ಲಿ ಅರ್ಧದಷ್ಟು ಜೀರ್ಣವಾಗದೆ ಹೊರಗೆ ಬಂದು, ಹುಲ್ಲಿನ ಮೈಯಲ್ಲಿ ಕೂಡಿಟ್ಟಿದ್ದ ಸತ್ವವೆಲ್ಲ ತೇಲುವ ಪಾಚಿಗೆ ಗೊಬ್ಬರವಾಯಿತು.

ಹುಡುಗನ ಜೊತೆ ಕೂತು

ಹುಡುಗ ಆಗ ಊರಲ್ಲೇ ಇದ್ದ. ಊರೆಲ್ಲ ಅವನನ್ನು ದೂರುತ್ತಿತ್ತು, ಸಭೆಗೆ ಬರುವುದನ್ನೇ ಬಿಟ್ಟಿದ್ದ. ಅವನನ್ನು ಕರೆಸದೆ ಮುಂದಿನ ತೀರ್ಮಾನ ಮಾಡುವುದು ಬೇಡ ಅಂತ ನಾನು ಹಟ ಹಿಡಿದೆ. ನೀರಿನೊಳಗೆ ಕಣ್ಣು ಬಿಟ್ಟು ನೋಡಿದವನು ಊರಿನಲ್ಲಿ ಅವನೊಬ್ಬನೇ. ಅವನಿಗೆ ಎರಡು ಸಂಗತಿ ಹೇಳಿದೆ.

ಒಂದು ಆಸ್ಟ್ರೇಲಿಯಾದ್ದು. ಗ್ರೇಟ್ ಬ್ಯಾರಿಯರ್ ರೀಫ್‌ನ ಆರ್ಫಿಯಸ್ ದ್ವೀಪದ ಹತ್ತಿರ ವಿಜ್ಞಾನಿಗಳು ಹವಳದ ಮೇಲೆ ದೊಡ್ಡ ಪಂಜರಗಳನ್ನು ಕಟ್ಟಿ, ಮೇಯುವ ಮೀನು ಒಳಗೆ ಬಾರದ ಹಾಗೆ ಮಾಡಿದರು. ಒಳಗೆ ಸರ್ಗಾಸಮ್ ಅನ್ನುವ ಪಾಚಿ ಕಾಡಿನಂತೆ ಬೆಳೆಯಿತು. ಆಮೇಲೆ ಪಂಜರ ತೆಗೆದರು. ಗಿಳಿಮೀನುಗಳು ಬಂದು ತಿನ್ನುತ್ತವೆ ಅಂತ ಎಲ್ಲರ ಊಹೆ. ಅವು ಎದ್ದುನಿಂತ ಸರ್ಗಾಸಮ್ಮಿಗೆ ಹೆಚ್ಚುಕಡಿಮೆ ಬಾಯಿ ಹಾಕಲೇ ಇಲ್ಲ. ತಿಂದು ತೀರಿಸಿದ್ದು ಒಂದು ಜಾತಿಯ ಬ್ಯಾಟ್‌ಫಿಶ್. ಅದು ಹುಳುಹುಪ್ಪಟೆ ತಿನ್ನುವ ಮೀನು ಅಂತಲೇ ತಿಳಿದಿದ್ದರು. 2006ರಲ್ಲಿ ಇದು ಪ್ರಕಟವಾಯಿತು. ಎಳೆ ಪಾಚಿ ಕೆರೆಯುವವರು ಬೇರೆ, ಬೆಳೆದ ಪಾಚಿ ಕಡಿಯುವವರು ಬೇರೆ.

ಇನ್ನೊಂದು ನಮ್ಮದೇ ಲಕ್ಷದ್ವೀಪದ್ದು. ಅಗತ್ತಿಯ ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ಕಡಲಹುಲ್ಲಿನ ಬಯಲುಗಳಿದ್ದವು. ಹಸಿರು ಆಮೆಗಳು ಒಂದೇ ಕಡೆ ತುಂಬ ಸೇರಿ ಮೇದು ಮೇದು ಆ ಬಯಲು ಕರಗಿತು. ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಯಿತು ಅಂತ ಮೀನುಗಾರರಿಗೆ ಆಮೆಯ ಮೇಲೆ ಸಿಟ್ಟು ಬಂತು. ಮೇಯುವ ಜೀವಿ ಜಾಸ್ತಿಯಾದರೂ ಹೀಗಾಗುತ್ತದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಹೇಳಿದ: "ಹಾಗಾದ್ರೆ ನಾವೂ ಒಂದು ಪಂಜರ ಕಟ್ಟಿ ನೋಡ್ಬಹುದಲ್ವಾ ಸರ್? ಹುಲ್ಲುಗೆಂಡೆ ಒಳಗೆ ಬರ್ಬಾರ್ದು, ಅಷ್ಟೇ."

ಇದು ಈ ಪ್ರಕರಣದ ಎರಡನೆಯ ತಿರುವು. ನನಗೆ ಅತ್ಯಂತ ಇಷ್ಟವಾದದ್ದೂ ಇದೇ. ಬೆಳ್ಳಿಗೆಂಡೆ ಬಿಡಬೇಕೋ ಬೇಡವೋ ಅಂತ ವಾದ ಮಾಡುತ್ತ ಕೂರುವ ಬದಲು, ಅಡ್ಡಿ ಯಾವುದು ಅಂತ ಊರವರೇ ಕಣ್ಣಾರೆ ನೋಡುವ ದಾರಿ ಸಿಕ್ಕಿತು.

ಅಡಿಕೆ ದಬ್ಬೆಯ ಪಂಜರ

ಕೆರೆಯ ತಗ್ಗು ಮೂಲೆಯಲ್ಲಿ, ಮೊಣಕಾಲುಮಟ್ಟದ ನೀರಿನಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಹುಗಿದು ಸುತ್ತ ಬಲೆ ಕಟ್ಟಿದೆವು. ಬಲೆಯ ಬುಡವನ್ನು ಹೂಳಿನೊಳಗೆ ಒತ್ತಿ ಕಲ್ಲು ಇಟ್ಟೆವು. ಪಕ್ಕದಲ್ಲೇ ಅಷ್ಟೇ ಅಳತೆಯ ಇನ್ನೊಂದು ಜಾಗಕ್ಕೆ ದಬ್ಬೆ ಮಾತ್ರ ಹುಗಿದು ಬಲೆ ಬಿಟ್ಟೆವು. ಹತ್ತಿರದ ಇನ್ನೊಂದು ಕೆರೆಯಿಂದ ಹೈಡ್ರಿಲ್ಲಾ, ಅದರ ಜೊತೆ ಬಂದ ಗುಳ್ಳೆ, ಒಂದು ಕೊಡ ನೀರು ತಂದು ಎರಡೂ ಕಡೆ ಸಮನಾಗಿ ಹಾಕಿದೆವು.

ಬಲೆ ಇಲ್ಲದ ಕಡೆ ಹುಲ್ಲು ಒಂದು ವಾರ ಉಳಿಯಲಿಲ್ಲ. ಬಲೆಯ ಒಳಗೆ ನಿಧಾನವಾಗಿ ಹಿಡಿಯಿತು. ಕೆರೆ ಹಸಿರಾಗಿದ್ದರೂ ಅಲ್ಲಿ ತಗ್ಗು ಇದ್ದದ್ದರಿಂದ ತಳಕ್ಕೆ ಬೆಳಕು ಸಿಗುತ್ತಿತ್ತು. ಒಂದು ಬೆಳಿಗ್ಗೆ ಅಧ್ಯಕ್ಷರು ತಾವೇ ಇಳಿದು ಒಳಗಿನ ನೀರನ್ನು ಲೋಟದಲ್ಲಿ ತೆಗೆದು ಸೂರ್ಯನಿಗೆ ಹಿಡಿದರು. ಹುಲ್ಲಿನ ಎಳೆಯ ಸುತ್ತ ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ಹುಲ್ಲಿನ ಎಲೆಗಳ ಅಡಿಯಲ್ಲಿ ಲೋಳೆಯಂಥ ಪಾರದರ್ಶಕ ಪಟ್ಟಿ, ಅದರೊಳಗೆ ಗುಳ್ಳೆಯ ಮೊಟ್ಟೆಗಳು. ಅವರು ಲೋಟವನ್ನು ಅಲ್ಲಿದ್ದವರಿಗೆಲ್ಲ ಒಬ್ಬೊಬ್ಬರಿಗೇ ತೋರಿಸಿದರು. ಬೆಳ್ಳಿಗೆಂಡೆಯ ಪ್ರಸ್ತಾಪ ಅವತ್ತೇ ಬಿದ್ದುಹೋಯಿತು. ಬೆಳ್ಳಿಗೆಂಡೆ ಪಾಚಿ ಸೋಸುವುದು ನಿಜ. ಆದರೆ ಅದೇ ಸೋಸಿನಲ್ಲಿ ನೀರುಚಿಗಟವನ್ನೂ ಸೋಸಿ ತಿನ್ನುತ್ತದೆ. ನೀಲಿ-ಹಸಿರು ಪಾಚಿಯಂತೂ ಎಷ್ಟೋ ಸಲ ಅದರ ಹೊಟ್ಟೆಯಿಂದ ಜೀವಂತವಾಗಿಯೇ ಹೊರಬರುತ್ತದೆ.

ಕೆರೆಬೇಟೆ

ಹುಲ್ಲುಗೆಂಡೆ ತೆಗೆಯಬೇಕು ಅನ್ನುವುದು ತೀರ್ಮಾನ ಆಯಿತು. ಒಂದು ಅನುಕೂಲ ಇತ್ತು. ಈ ಮೀನಿನ ಮೊಟ್ಟೆ ಹರಿಯುವ ದೊಡ್ಡ ಹೊಳೆಯಲ್ಲಿ ತೇಲುತ್ತ ಹೋದರೆ ಮಾತ್ರ ಮರಿಯಾಗುತ್ತದೆ. ಕೆರೆಯಲ್ಲಿ ಮರಿ ಮಾಡುವುದಿಲ್ಲ. ಒಮ್ಮೆ ತೆಗೆದರೆ, ಯಾರಾದರೂ ತಂದು ಬಿಡದೆ ವಾಪಸ್ ಬರುವುದಿಲ್ಲ.

ಆದರೆ ಮೀನು ಪಾಶುವಾರು ಹಿಡಿದವರದು. ಹಣ ಕಟ್ಟಿದ್ದಾರೆ, ಮೈಲುತುತ್ತದ ಗಲಾಟೆಯಲ್ಲಿ ಈಗಾಗಲೇ ನಷ್ಟ ಅನುಭವಿಸಿದ್ದಾರೆ. ಅವರು ಒಪ್ಪದಿದ್ದರೆ ಮುಂದೆ ಹೋಗುವ ಹಾಗಿರಲಿಲ್ಲ, ಬಲವಂತ ಮಾಡುವುದು ನ್ಯಾಯವೂ ಅಲ್ಲ. ಮಾತುಕತೆ ಎಳೆಯಿತು. ಕೊನೆಗೆ ಹಿರಿಯರೊಬ್ಬರು ಹೇಳಿದರು: "ಕೆರೆಬೇಟೆ ಇಡಿ ಮಾರಾಯ್ರೆ. ಕೂಣಿ ಲೆಕ್ಕದಲ್ಲಿ ದುಡ್ಡು ತಗೊಳಿ, ಅದನ್ನ ಪೂರ್ತಿ ಅವರಿಗೇ ಕೊಡಿ." ವರ್ಷಗಳಿಂದ ನಿಂತಿದ್ದ ಬೇಟೆ ಹಾಗೆ ಮತ್ತೆ ಬಂತು. ಮೇ ತಿಂಗಳು, ನೀರು ತಳ ಹಿಡಿದಿತ್ತು. ಸುತ್ತಲಿನ ಹಳ್ಳಿಗಳಿಂದ ಜನ ಬಿದಿರಿನ ಕೂಣಿ ಹಿಡಿದು ಬಂದರು. ಡೋಲು ಬಡಿದದ್ದೇ ತಡ, ಎಲ್ಲ ಒಟ್ಟಿಗೆ ಕೆಸರಿಗೆ ಇಳಿದರು. ಸಂಜೆ ಹೊತ್ತಿಗೆ ಹುಲ್ಲುಗೆಂಡೆ ಹೆಚ್ಚುಕಡಿಮೆ ಖಾಲಿ. ಕೊರವದ ದೊಡ್ಡ ಮೀನು ಸಿಕ್ಕರೆ ಬಿಟ್ಟುಬಿಡಿ ಅಂತ ಮೊದಲೇ ಕೂಗಿ ಹೇಳಿದ್ದೆವು. ಅದು ಸಣ್ಣ ಮೀನು ತಿನ್ನುವ ಮೀನು. ಸಣ್ಣ ಮೀನು ಕಡಿಮೆಯಾದರೆ ನೀರುಚಿಗಟಕ್ಕೆ ಉಸಿರಾಡಲು ಜಾಗ. ಎಲ್ಲರೂ ಬಿಡಲಿಲ್ಲ. ಕೆಲವರು ಬಿಟ್ಟರು.

ಅದೇ ಬೇಸಿಗೆಯಲ್ಲಿ ಕೊಟ್ಟಿಗೆ ಕಾಲುವೆಯನ್ನು ತಿರುಗಿಸಿ ತೋಟದ ಗುಂಡಿಗೆ ಬಿಟ್ಟರು. ಹೇಳಲು ಒಂದು ಸಾಲು, ಮಾಡಲು ಕಷ್ಟವಾದದ್ದು ಇದೇ. ಒಬ್ಬರ ತೋಟದ ಮೂಲೆಯಲ್ಲಿ ಹಾದು ಹೋಗಬೇಕಿತ್ತು.

ಏನಾಯಿತು

ಜೂನ್, ಜುಲೈ ಮಳೆಗೆ ಕೆರೆ ತುಂಬಿ ಕೋಡಿ ಹರಿಯಿತು. ಸೆಪ್ಟೆಂಬರ್‌ನಲ್ಲಿ ತಟ್ಟೆ ಇಳಿಸಿದಾಗ ಸೊಂಟಮಟ್ಟದವರೆಗೂ ಕಾಣುತ್ತಿತ್ತು. ಪಂಜರದ ಬಲೆ ತೆಗೆದಿದ್ದೆವು, ಆ ಮೂಲೆಯಿಂದ ಹುಲ್ಲು ಕೈಚಾಚಿ ಹೊರಗೆ ಬರುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮತ್ತೆ ಸ್ವಲ್ಪ ಹಸಿರು ಕೆನೆ ಕಂಡಿತು. ಇಡೀ ಕೆರೆಗೆ ಹಬ್ಬಲಿಲ್ಲ.

ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಹುಲ್ಲುಗೆಂಡೆ ಹೋದ ದಿನವೇ, ಹೂಳು ಕೆದಕಿ ನೀರು ರಾಡಿ ಮಾಡುವ ಸಾಮಾನ್ಯ ಗೆಂಡೆಯೂ ಕೂಣಿಗೆ ಬಿದ್ದಿತ್ತು. ಕಾಲುವೆ ತಿರುಗಿದ್ದೂ ಆಗಲೇ. ಮಲೆನಾಡಿನ ಮಳೆ ಬೇರೆ ಕೆರೆಯನ್ನು ತೊಳೆದಿತ್ತು. ಪಂಜರ ತೋರಿಸಿಕೊಟ್ಟದ್ದು ಒಂದನ್ನೇ: ಹುಲ್ಲುಗೆಂಡೆ ಇರುವತನಕ ಹುಲ್ಲು ಬರುವುದಿಲ್ಲ. ಅಷ್ಟು ಮಾತ್ರ ಖಚಿತ. ಯುರೋಪಿನ ತಣ್ಣನೆಯ ಕೆರೆಗಳಲ್ಲಿ ಮೀನು ತೆಗೆದಾಗ ನೀರುಚಿಗಟಗಳೇ ನೀರು ತಿಳಿ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ನಮ್ಮಂಥ ಬೆಚ್ಚನೆಯ ನೀರಿನಲ್ಲಿ ಸಣ್ಣ ಮೀನುಗಳು ವರ್ಷದ ಹೆಚ್ಚಿನ ಕಾಲ ಮರಿ ಮಾಡುತ್ತವೆ, ನೀರುಚಿಗಟವೂ ಸಣ್ಣ ಜಾತಿಯದು. ಆದ್ದರಿಂದ ಇಲ್ಲಿ ಅದನ್ನೊಂದೇ ನಂಬಿ ಕೂರಬಾರದು. ಗೊಬ್ಬರದ ನೀರು ನಿಲ್ಲಿಸದೆ ಬರೀ ಮೀನು ತೆಗೆದಿದ್ದರೆ ಇಷ್ಟು ಫಲ ಸಿಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಹವಳದಲ್ಲೂ ಹೀಗೇ. ಗಿಳಿಮೀನು ಎಷ್ಟೇ ಇರಲಿ, ಸಮುದ್ರ ಕಾದರೆ ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಅದು ಆಯಿತು. ಮೀನುಗಳಿಂದ ಆಗುವುದು, ಸತ್ತ ಹವಳದ ಮೇಲೆ ಪಾಚಿ ಬೇರೂರದ ಹಾಗೆ ನೋಡಿಕೊಂಡು ಹೊಸ ಮರಿಗೆ ಜಾಗ ಉಳಿಸುವುದು.

ಬೇರೆ ಊರಿನವರಿಗೆ

ಸಮಿತಿ ಈಗ ಮೂರನೇ ಒಂದು ಭಾಗದಷ್ಟು ಹುಲ್ಲು ಇರಲಿ ಅಂತ ಒಪ್ಪಿಕೊಂಡಿದೆ. ತೂಬಿನ ಎದುರು, ಬಲೆ ಎಳೆಯುವ ಕಡೆ ಮಾತ್ರ ಕೈಯಿಂದ ಕೀಳುತ್ತಾರೆ. ಕಿತ್ತದ್ದನ್ನು ಆ ದಿನವೇ ಗೊಬ್ಬರಗುಂಡಿಗೆ ಒಯ್ಯುತ್ತಾರೆ. ಹಾಗೆ ಮಾಡಿದರೆ ಹುಲ್ಲು ಹೀರಿದ ಸತ್ವವೂ ಕೆರೆಯಿಂದ ಆಚೆ ಹೋಗುತ್ತದೆ. ಹಳೆಯ ಶ್ರಮದಾನದಲ್ಲಿ ಇದೊಂದನ್ನು ಮಾಡಿದ್ದರೆ ಸಾಕಿತ್ತೋ ಏನೋ.

ಹುಲ್ಲುಗೆಂಡೆ ಕೆಟ್ಟ ಮೀನು ಅಂತ ನಾನು ಹೇಳುತ್ತಿಲ್ಲ. ಹುಲ್ಲು ಕತ್ತರಿಸಿ ಹಾಕುವ ಸಾಕಣೆ ಹೊಂಡದಲ್ಲಿ ಅದು ಒಳ್ಳೆಯದೇ. ಊರಿನ ಕೆರೆಗೆ ಬಿಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇಷ್ಟು: ಇದು ತಿನ್ನುವುದು ಯಾವುದನ್ನು? ತಿಂದು ಮುಗಿಸಿದ ಮೇಲೆ ಆ ಜಾಗಕ್ಕೆ ಬರುವುದು ಯಾವುದು? ನೀರು ಹಸಿರಾಗಿ ಕೆನೆ ಕಟ್ಟಿದ್ದರೆ ದನಕ್ಕೆ ಆ ನೀರು ಕುಡಿಸಬೇಡಿ, ನೀಲಿ-ಹಸಿರು ಪಾಚಿಯಲ್ಲಿ ವಿಷ ಇರಬಹುದು. ಮೈಲುತುತ್ತವಂತೂ ಬೇಡವೇ ಬೇಡ.

ಮೈಲುತುತ್ತದ ಕಥೆ ಇನ್ನೂ ಮುಗಿದಿಲ್ಲ. ತಾಮ್ರ ಕರಗಿ ಹೋಗುವುದಿಲ್ಲ, ಹೂಳಿನಲ್ಲಿ ಕೂತಿರುತ್ತದೆ. ಈ ಬೇಸಿಗೆಯಲ್ಲಿ ಹೂಳೆತ್ತಿ ತೋಟಕ್ಕೆ ಹಾಕುವ ಮಾತು ಊರಿನಲ್ಲಿ ನಡೆದಿದೆ. ವರ್ಷ ವರ್ಷ ಬೋರ್ಡೋ ಬಿದ್ದ ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರ ಮೊದಲೇ ಇರುತ್ತದೆ. ಹೂಳನ್ನೂ ತೋಟದ ಮಣ್ಣನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಒಂದು ಬುಟ್ಟಿಯನ್ನೂ ಹಾಕಬೇಡಿ ಅಂತ ಹೇಳಿದ್ದೇನೆ. ಮಾದರಿ ತೆಗೆಯುವ ಕೆಲಸ ಹುಡುಗ ವಹಿಸಿಕೊಂಡಿದ್ದಾನೆ. ದಂಡೆಯದ್ದು ಸಾಲದು, ಕೆರೆಯ ನಡುವಿನ ಹೂಳೂ ಬೇಕು ಅಂದೆ. ಅದಕ್ಕೆ ಮುಳುಗಬೇಕಾಗುತ್ತದೆ, ಮಾಸ್ಕ್ ತಂದಿದ್ದೇನೆ ಅಂದ.